ಓಟಿಸ್ ಬಲಿತ ಆ ಒಂದು ದಿನ

2023ರ ಅಕ್ಟೋಬರ್ 24ರ ಬೆಳಗಿನ ಜಾವದವರೆಗೂ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯತ್ತ ಸಾಗುತ್ತಿದ್ದ ಓಟಿಸ್ ಎಂಬ ಬಿರುಗಾಳಿ, ದಡ ಮುಟ್ಟುವ ಹೊತ್ತಿಗೆ ಹೆಚ್ಚೆಂದರೆ ದುರ್ಬಲ ಚಂಡಮಾರುತ ಆಗಬಹುದೆಂಬ ಅಂದಾಜಿತ್ತು. ಆದರೆ ಅದೇ ದಿನ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅದು ಅತ್ಯುನ್ನತವಾದ ಐದನೆಯ ದರ್ಜೆಯ ಚಂಡಮಾರುತವಾಗಿ ಅಕಾಪುಲ್ಕೋ ನಗರದ ಬಳಿ ಅಪ್ಪಳಿಸಿತು. 24 ಗಂಟೆಗಳಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 55 ಕಿ.ಮೀ.ನಷ್ಟು ಏರಿದರೆ ಅದನ್ನು ಕ್ಷಿಪ್ರ ತೀವ್ರೀಕರಣ ಎನ್ನುತ್ತಾರೆ. ಓಟಿಸ್‌ನಲ್ಲಿ ಆ ಏರಿಕೆ 170 ಕಿ.ಮೀ.ಗೂ ಹೆಚ್ಚಿತ್ತು.

ಇದನ್ನು ಮೊದಲೇ ಹೇಳಲಾಗದ್ದಕ್ಕೆ ಮುನ್ಸೂಚಕರ ಅಲಕ್ಷ್ಯವೇ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಂಡಮಾರುತ ಸಾಗುವ ದಾರಿಯನ್ನು ಸುತ್ತಲಿನ ನೂರಾರು ಕಿಲೋಮೀಟರ್ ವಿಸ್ತಾರದ ಗಾಳಿಯ ಪ್ರವಾಹಗಳು ನಿರ್ಧರಿಸುತ್ತವೆ. ಅವನ್ನು ಉಪಗ್ರಹಗಳೂ ಗಣಕ ಮಾದರಿಗಳೂ ಚೆನ್ನಾಗಿ ಗ್ರಹಿಸುವುದರಿಂದ ಪಥದ ಮುನ್ಸೂಚನೆ ಕಳೆದ ಮೂರು ದಶಕಗಳಲ್ಲಿ ಬಹಳ ಸುಧಾರಿಸಿದೆ. ತೀವ್ರತೆಯಾದರೋ ಚಂಡಮಾರುತದ ನಡುವಿನ ಶಾಂತ ಭಾಗವಾದ ಕಣ್ಣಿನ ಸುತ್ತಲ ಹತ್ತಾರು ಕಿಲೋಮೀಟರ್ ಅಗಲದ ಮೋಡಗಳ ಗೋಡೆಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ನೀರಾವಿ ಮಳೆಯಾಗುವಾಗ ಬಿಡುಗಡೆಯಾಗುವ ಶಾಖ, ಬೆಚ್ಚಗಿನ ನೀರಿನ ಪದರದ ಆಳ, ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು ಮತ್ತು ವೇಗದಲ್ಲಾಗುವ ವ್ಯತ್ಯಾಸ, ಬದಿಯಿಂದ ನುಗ್ಗುವ ಒಣ ಗಾಳಿ, ಇವೆಲ್ಲ ಒಂದನ್ನೊಂದು ಬದಲಿಸುತ್ತಿರುತ್ತವೆ. ಓಟಿಸ್‌ನಂತಹ ಪುಟ್ಟ ಚಂಡಮಾರುತ ಇಂತಹ ಸಣ್ಣ ಬದಲಾವಣೆಗಳಿಗೂ ಬಹು ಬೇಗ ಸ್ಪಂದಿಸುತ್ತದೆ.

ಚಂಡಮಾರುತದ ಹುಟ್ಟನ್ನು ಮುಂಚಿತವಾಗಿ ಹೇಳುವುದೂ ಸುಲಭವಲ್ಲ. ಆಫ್ರಿಕಾದಿಂದ ಪ್ರತಿ ವರ್ಷ ಚಂಡಮಾರುತದ ಬೀಜವಾಗಬಲ್ಲ ಹತ್ತಾರು ವಾಯುತರಂಗಗಳು ಅಟ್ಲಾಂಟಿಕ್‌ಗೆ ಇಳಿಯುತ್ತವೆ. ನೀರು ಚಂಡಮಾರುತಕ್ಕೆ ಸಾಮಾನ್ಯವಾಗಿ ಬೇಕಾದ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೂ ಅವುಗಳಲ್ಲಿ ಹೆಚ್ಚಿನವು ಚಂಡಮಾರುತವಾಗದೆ ಕರಗಿಹೋಗುತ್ತವೆ. ಸಹಾರಾದ ಒಣ, ಧೂಳು ತುಂಬಿದ ಗಾಳಿಯೂ ಅನೇಕ ಬಾರಿ ಅವನ್ನು ತಡೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಅಳತೆಗಳದ್ದು. ಮೋಡದ ಹೊದಿಕೆಯ ಒಳಗನ್ನು ತೋರಬಲ್ಲ ಮೈಕ್ರೋವೇವ್ ಉಪಗ್ರಹಗಳು ಒಂದೇ ಕಡೆ ನಿಲ್ಲದೆ ಕೆಲವು ಗಂಟೆಗಳಿಗೊಮ್ಮೆ ಮಾತ್ರ ಹಾದುಹೋಗುತ್ತವೆ. ಓಟಿಸ್‌ನೊಳಗೆ ವಿಮಾನ ಹಾರಿ ಅದರ ನಿಜವಾದ ಬಲವನ್ನು ಅಳೆದದ್ದು 24ರ ಮಧ್ಯಾಹ್ನ. ಆಗ ನಗರಕ್ಕೆ ಉಳಿದಿದ್ದದ್ದು ಅರ್ಧ ದಿನಕ್ಕೂ ಕಡಿಮೆ. ಚಂಡಮಾರುತದ ಒಳಭಾಗವನ್ನು ಸೂಕ್ಷ್ಮವಾಗಿ ಲೆಕ್ಕ ಹಾಕುವ ಅಮೆರಿಕದ ಹೊಸ ಮಾದರಿಯೊಂದು ಅದೇ ವರ್ಷ ಬಳಕೆಗೆ ಬಂದಿತ್ತು, ಆದರೂ ಅಂತಹ ಏರಿಕೆಯನ್ನು ಬಹುತೇಕ ಯಾವ ಮಾದರಿಯೂ ಮುಂಚಿತವಾಗಿ ತೋರಲಿಲ್ಲ. 50ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಂದರಿನ ದೋಣಿಗಳಲ್ಲೇ ಉಳಿದಿದ್ದ ನಾವಿಕರೂ ಇದ್ದರು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಸಾಗುತ್ತಾ ಬಲಿತದ್ದನ್ನು ಕಂಡವರಿಗೆ ಇದು ದೂರದ ಸಂಗತಿಯಲ್ಲ. ಆದ್ದರಿಂದ ಗಾಳಿಯ ವೇಗವನ್ನು ಒಂದೇ ಅಂಕಿಯಲ್ಲಿ ಪ್ರಕಟಿಸುವುದು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಂಡಮಾರುತ ಹಠಾತ್ತನೆ ಬಲಿಯುವ ಸಂಭವ ನೂರರಲ್ಲಿ ಹತ್ತರಷ್ಟೇ ಇದ್ದರೂ ಅದನ್ನು ಮೀನುಗಾರರಿಗೂ ಬಂದರಿನ ಅಧಿಕಾರಿಗಳಿಗೂ ಆ ಅಂಕಿಯ ಜೊತೆಯಲ್ಲೇ ತಿಳಿಸಬೇಕು.