ಬಾಲ್ಟಿಮೋರಿನ ಕುಲುಮೆ

ಅಮೆರಿಕದ ಬಾಲ್ಟಿಮೋರಿನ ಸಾರಟೋಗಾ ಬೀದಿಯಲ್ಲಿ 1810ರಿಂದ ನಡೆಯುತ್ತಿರುವ ಒಂದು ಕಮ್ಮಾರಸಾಲೆ ಇದೆ. ಅದರ ಬಗ್ಗೆ ಓದುತ್ತಾ ಇವತ್ತು ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಹೆಸರು ಜಿ. ಕ್ರೂಗ್ ಆಂಡ್ ಸನ್. ಶುರು ಮಾಡಿದವರು ಬೇರೆ ಯಾರೋ. ಗುಸ್ಟಾವ್ ಕ್ರೂಗ್ 1840ರ ದಶಕದ ಕೊನೆಯ ಸುಮಾರಿಗೆ ಜರ್ಮನಿಯಿಂದ ಬಂದು ಕೆಲಸಕ್ಕೆ ಸೇರಿದವನು. ಆಮೇಲೆ ಅವನೇ ಮಾಲೀಕನಾದ.

ಆಗ ಜರ್ಮನಿಯಲ್ಲಿ ಆಲೂಗಡ್ಡೆ ಬೆಳೆ ಕೈಕೊಟ್ಟಿತ್ತು, 1848ರಲ್ಲಿ ದಂಗೆಯೂ ಎದ್ದಿತ್ತು. ಅಲ್ಲಿನ ಬ್ರೆಮೆನ್ ಬಂದರಿನಿಂದ ಜನರನ್ನು ತುಂಬಿಕೊಂಡು ಬರುತ್ತಿದ್ದ ಹಡಗುಗಳು ವಾಪಸ್ ಹೋಗುವಾಗ ಬಾಲ್ಟಿಮೋರಿನ ತಂಬಾಕು ಹೊತ್ತೊಯ್ಯುತ್ತಿದ್ದವು. ಹೋಗುವಾಗ ತಂಬಾಕು, ಬರುವಾಗ ಮನುಷ್ಯರು. ಪಕ್ಕಾ ವ್ಯಾಪಾರ, ಅಲ್ವಾ?

ಕಮ್ಮಾರನಿಗೆ ಒಂದು ಅನುಕೂಲವಿತ್ತು. ಇಂಗ್ಲಿಷ್ ಬರದಿದ್ದರೂ ಕಬ್ಬಿಣಕ್ಕೇನೂ ಬೇಜಾರಿಲ್ಲ! ಎರಡು ತುಂಡು ಬೆಸೆಯಬೇಕಾದರೆ ಅವನು ನೋಡುವುದು ಬಣ್ಣವನ್ನು. ಕೆಂಪಗಾದರೆ ಸಾಲದು, ಹಳದಿಯೂ ಸಾಲದು. ಬೆಳ್ಳಗೆ ಕಾದು ಇನ್ನೇನು ಕಿಡಿ ಹಾರಬೇಕು ಅನ್ನುವಾಗ ಮೇಲೆ ಚೂರು ಮರಳು ಉದುರಿಸಿ, ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿಯಬೇಕು. ಒಂದೆರಡು ಸೆಕೆಂಡ್ ತಡವಾದರೂ ಬೆಸುಗೆ ಕೂರುವುದಿಲ್ಲ. ಜಾಸ್ತಿ ಕಾಯಿಸಿದರೆ ಕಬ್ಬಿಣವೇ ಸುಟ್ಟುಹೋಗುತ್ತದೆ.

ನನಗೇನೋ ಆ ಜನರ ಧೈರ್ಯಕ್ಕಿಂತ ಈ ಕಣ್ಣಳತೆಯೇ ದೊಡ್ಡದು ಅನ್ನಿಸುತ್ತದೆ. ಕಡಲು ದಾಟಿದವರು ಲಕ್ಷಾಂತರ ಮಂದಿ ಇದ್ದರು. ಅಂದ ಹಾಗೆ, ಆ ಕುಲುಮೆ ಈಗಲೂ ಕ್ರೂಗ್ ಮನೆತನದ ಕೈಯಲ್ಲೇ ಇದೆಯಂತೆ. ಹಳೇ ಬೇಲಿ, ಗೇಟು ರಿಪೇರಿ ಕೆಲಸ ಬರುತ್ತಲೇ ಇರುತ್ತದಂತೆ.