ದಾರಿ ಕೇಳಿಕೊಂಡು ಹೋಗುವ ಲೋಕಗಳು

ತುಮಕೂರಿನ ಸೈಬರ್ ಸೆಂಟರ್‌ಗಳಲ್ಲಿ ಇಂಟರ್ನೆಟ್‌ಗಿಂತ ಗೇಮ್‌ಗಳಿಗೇ ಹೆಚ್ಚು ಗಿರಾಕಿಗಳಿದ್ದ ಕಾಲದಲ್ಲಿ ಬೆಳೆದವನು ನಾನು. 2002ರಲ್ಲಿ ಬಿಡುಗಡೆಯಾಗಿ ಮರುವರ್ಷ ಕಂಪ್ಯೂಟರಿಗೂ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ’ಯನ್ನು ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ನಮ್ಮಂಥ ಕನ್ನಡ ಮಾಧ್ಯಮದ ಹುಡುಗರಿಗೆ ಅದರ ಕಥೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಅದರ ನಾಯಕ ಟಾಮಿ ವರ್ಸೆಟಿ ಯಾರ ಮೇಲೆ ಏಕೆ ರೇಗುತ್ತಾನೆ, ಆ ವಕೀಲ ಏಕೆ ಸದಾ ನಡುಗುತ್ತಿರುತ್ತಾನೆ ಎಂಬುದನ್ನು ನಾವು ನಮಗೆ ತೋಚಿದಂತೆ ಕಟ್ಟಿಕೊಂಡಿದ್ದೆವು. ಆದರೆ ಊರು ಮಾತ್ರ ನಮಗೆ ಚೆನ್ನಾಗಿ ಗೊತ್ತಿತ್ತು. ಓಷನ್ ಬೀಚಿನ ಹೋಟೆಲಿನಿಂದ ಹೊರಟರೆ ಸ್ಟಾರ್‌ಫಿಶ್ ದ್ವೀಪಕ್ಕೆ ಯಾವ ತಿರುವು ಹಿಡಿಯಬೇಕು, ಚಂಡಮಾರುತದ ನೆಪದಲ್ಲಿ ಮುಚ್ಚಿದ ಸೇತುವೆಗಳು ಯಾವುವು, ಪೊಲೀಸರು ಬೆನ್ನಟ್ಟಿದಾಗ ಯಾವ ಗಲ್ಲಿಗೆ ಕಾರು ನುಗ್ಗಿಸಬೇಕು ಎಂಬುದೆಲ್ಲ ಬಾಯಿಪಾಠವಾಗಿತ್ತು. ಚೀಟ್ ಕೋಡ್ ಟೈಪ್ ಮಾಡಿ ಟ್ಯಾಂಕ್ ತರಿಸಿಕೊಂಡು ಮಿಷನ್‌ಗಳ ಗೊಡವೆಯೇ ಇಲ್ಲದೆ ಸುತ್ತುತ್ತಿದ್ದವರಿಗೂ ರಸ್ತೆಗಳು ತಪ್ಪುತ್ತಿರಲಿಲ್ಲ.

ಆಮೇಲೆ ಅದಕ್ಕಿಂತ ಎಷ್ಟೋ ದೊಡ್ಡದಾದ, ಎಷ್ಟೋ ಸುಂದರವಾದ ಗೇಮ್ ಲೋಕಗಳನ್ನು ನೋಡಿದ್ದೇನೆ. ಅವುಗಳಲ್ಲಿ ಹಲವು ಮುಗಿಸಿದ ತಿಂಗಳೊಳಗೆ ಮರೆತುಹೋಗಿವೆ. ಕೆಲವು ಮಾತ್ರ ಹೋಗಿಬಂದ ಊರುಗಳಂತೆ ಉಳಿದಿವೆ. ಉಳಿದವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಒಂದೇ ಸಂಗತಿ: ಅವುಗಳಲ್ಲಿ ದಾರಿಯನ್ನು ನಾನೇ ಕಂಡುಕೊಳ್ಳಬೇಕಾಗಿತ್ತು. ಗ್ರಾಫಿಕ್ಸ್, ಕಥೆ, ಸಂಗೀತ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಲವನ್ನು ನೋಡದೆ ಪರದೆಯ ಮೂಲೆಯ ಬಾಣವನ್ನು ನೋಡುತ್ತಾ ನಡೆದ ಲೋಕ ಎಷ್ಟೇ ಚೆಂದವಿದ್ದರೂ ನನ್ನೊಳಗೆ ನಿಂತಿಲ್ಲ.

ಇದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಬೆಥೆಸ್ಡಾ ಕಂಪನಿಯವರ ‘ಮಾರೋವಿಂಡ್’. ಇದೂ 2002ರದೇ, ಆದರೆ ನನ್ನ ಕೈಗೆ ಸಿಕ್ಕಿದ್ದು ಬಹಳ ತಡವಾಗಿ, ಹೊಸ ಗೇಮ್‌ಗಳು ಓಡದ ಹಳೆಯ ಲ್ಯಾಪ್‌ಟಾಪ್ ಒಂದರ ದೆಸೆಯಿಂದ. ಕೈದಿಗಳ ಹಡಗಿನಿಂದ ದ್ವೀಪವೊಂದರ ಸೇಡಾ ನೀನ್ ಎಂಬ ಜೌಗು ನೆಲದ ಪುಟ್ಟ ಊರಿನಲ್ಲಿ ನಿಮ್ಮನ್ನು ಇಳಿಸಿ, ಬಾಲ್ಮೋರಾ ಎಂಬ ಪಟ್ಟಣದಲ್ಲಿ ಇಂಥವನನ್ನು ಹುಡುಕಿ ಈ ಕಾಗದದ ಕಟ್ಟು ಕೊಡು ಎಂದು ಹೇಳಿ ಕೈಬಿಡುತ್ತಾರೆ. ಬಾಲ್ಮೋರಾ ಎಲ್ಲಿದೆ? ಕೇಳಬೇಕು. ಊರಾಚೆ ನಿಂತಿರುವ ಸಿಲ್ಟ್ ಸ್ಟ್ರೈಡರ್ ಎಂಬ ದೈತ್ಯ ಕೀಟದ ಬೆನ್ನೇರಿ ದುಡ್ಡು ಕೊಟ್ಟು ಹೋಗಬಹುದು, ಇಲ್ಲವೇ ನಡೆಯಬಹುದು. ಆ ಕೀಟಗಳು ಎಲ್ಲ ಊರಿಗೂ ಹೋಗುವುದಿಲ್ಲ. ಕೆಲವೆಡೆಗೆ ದೋಣಿ ಹಿಡಿಯಬೇಕು, ಕೆಲವು ಪಟ್ಟಣಗಳ ನಡುವೆ ಮಾಂತ್ರಿಕರ ಸಂಘದವರು ಶುಲ್ಕ ಪಡೆದು ಕ್ಷಣದಲ್ಲಿ ಸಾಗಿಸುತ್ತಾರೆ, ಮತ್ತೆ ಕೆಲವು ಕಡೆಗೆ ಕಾಲೇ ಗತಿ. ಎಲ್ಲಿಂದ ಎಲ್ಲಿಗೆ ಏನು ಸಿಗುತ್ತದೆ ಎಂಬುದನ್ನು ನೆನಪಿಡುವುದೇ ಆ ದ್ವೀಪದ ನಿವಾಸಿಯಾಗುವ ಮೊದಲ ಹೆಜ್ಜೆ.

ಇಲ್ಲಿ ಕ್ವೆಸ್ಟ್, ಅಂದರೆ ಆಟಗಾರ ಮಾಡಬೇಕಾದ ಕೆಲಸ, ಕೊಡುವವರು ಮ್ಯಾಪಿನ ಮೇಲೆ ಚುಕ್ಕೆ ಇಟ್ಟು ಕೈತೊಳೆದುಕೊಳ್ಳುವುದಿಲ್ಲ. ಬಾಯಲ್ಲಿ ದಾರಿ ಹೇಳುತ್ತಾರೆ. ಆರಂಭದಲ್ಲೇ ಬರುವ ಕೆಲಸವೊಂದರಲ್ಲಿ ಆರ್ಕಂಗ್‌ಥಾಂಡ್ ಎಂಬ ಪಾಳುಬಿದ್ದ ನೆಲೆಗೆ ಹೋಗಬೇಕು. ಬಾಲ್ಮೋರಾದಿಂದ ನದಿ ದಾಟಿ, ಮೂನ್‌ಮಾತ್ ಕೋಟೆಯ ಬಳಿ ಹಾದು, ಲಾವಾ ಕೊರೆದ ಕಣಿವೆಯ ಮೇಲಿನ ಹಳೆಯ ಸೇತುವೆಯನ್ನು ಹಿಡಿದು ಹೋದರೆ ಆ ಜಾಗ ಸಿಗುತ್ತದೆ. ಸಿಕ್ಕಿದ ಮೇಲೂ ಬಾಗಿಲು ತಾನಾಗಿ ತೆರೆಯುವುದಿಲ್ಲ, ಹತ್ತಿರದ ಕೊಳವೆಯ ಮೇಲಿರುವ ಹಿಡಿಕೆಯನ್ನು ತಿರುಗಿಸಬೇಕೆಂದು ನೀವೇ ಕಂಡುಕೊಳ್ಳಬೇಕು. ಗೇಮ್‌ನಲ್ಲಿ ಹೇಳುವ ಕೆಲವು ದಾರಿಗಳು ಅಸ್ಪಷ್ಟವಾಗಿವೆ, ಒಂದೆರಡಂತೂ ಸಾಫ್ ತಪ್ಪು. ಇದು ತಯಾರಕರ ಅಜಾಗರೂಕತೆಯೇ ಇರಬಹುದು, ಆದರೂ ಆಡುವಾಗ ನನಗೆ ಅದು ದೋಷವೆನಿಸಲಿಲ್ಲ. ಮಧುಗಿರಿ ಕಡೆಯ ಹಳ್ಳಿಗಳಲ್ಲಿ ದಾರಿ ಕೇಳಿದವರಿಗೆಲ್ಲ ಇದರ ಪರಿಚಯವಿರುತ್ತದೆ: ಕೆರೆ ಏರಿಯ ಮೇಲೆ ನೇರ ಹೋಗಿ, ತೂಬು ಸಿಕ್ಕಿದ ಮೇಲೆ ಎಡಕ್ಕೆ ಇಳಿಯಿರಿ, ಅರಳಿಕಟ್ಟೆಯ ಹತ್ತಿರ ಇನ್ನೊಬ್ಬರನ್ನು ಕೇಳಿ. ಹೀಗೆ ಹೇಳಿದ ದಾರಿಯಲ್ಲಿ ಹೋಗುವವನು ಏರಿಯನ್ನೂ ತೂಬನ್ನೂ ಅರಳಿಕಟ್ಟೆಯನ್ನೂ ಕಣ್ಣಿಟ್ಟು ನೋಡಲೇಬೇಕಾಗುತ್ತದೆ. ಅಷ್ಟು ನೋಡಿದ ಮೇಲೆ ಆ ಊರನ್ನು ಮರೆಯುವುದು ಕಷ್ಟ.

ಅದೇ ಸರಣಿಯ ಮುಂದಿನ ಗೇಮ್ ‘ಒಬ್ಲಿವಿಯನ್’ 2006ರಲ್ಲಿ ಬಂದಾಗ ಪರದೆಯ ಮೇಲೆ ದಿಕ್ಸೂಚಿಯೊಂದು ಬಂದು, ಹೋಗಬೇಕಾದ ಜಾಗವನ್ನು ಅದರ ಮಾರ್ಕರ್ ಹೇಳತೊಡಗಿತು. 2011ರ ‘ಸ್ಕೈರಿಮ್’ ಕೂಡ ಅದೇ ಜಾಡು ಹಿಡಿಯಿತು. ಸ್ಕೈರಿಮ್‌ನ ಮೊದಲ ಹಳ್ಳಿಗೆ ಇಳಿಯುವ ದಾರಿಯಲ್ಲಿ ಜೊತೆಗಾರನು ಕಣಿವೆಯಾಚೆಯ ಬೆಟ್ಟದ ಮೇಲಿರುವ ಕಪ್ಪು ಕಲ್ಲುಗೋರಿಯೊಂದನ್ನು ತೋರಿಸುತ್ತಾನೆ. ಮುಂದೆ ನೀವು ಹೋಗಬೇಕಾದದ್ದು ಅಲ್ಲಿಗೇ. ಎಂಥ ಒಳ್ಳೆಯ ಏರ್ಪಾಡು! ಆದರೆ ಕೆಲಸ ಒಪ್ಪಿಕೊಂಡ ಕ್ಷಣ ದಿಕ್ಸೂಚಿಯ ಮೇಲೆ ಬಾಣ ಮೂಡುತ್ತದೆ, ಬೆಟ್ಟವನ್ನು ನೋಡುವ ಅಗತ್ಯವೇ ತಪ್ಪುತ್ತದೆ. 2015ರ ‘ವಿಚರ್ 3’ರ ಬಗ್ಗೆ ನನ್ನ ತಕರಾರು ಇನ್ನೂ ಗಾಢವಾದದ್ದು, ಏಕೆಂದರೆ ಆ ಗೇಮ್ ಮೇಲೆ ನನಗೆ ಪ್ರೀತಿ ಹೆಚ್ಚು. ಯುದ್ಧದಲ್ಲಿ ಹಾಳಾದ ವೆಲೆನ್ ಪ್ರಾಂತ್ಯದ ಕೆಸರು, ಮರಗಳನ್ನು ಬಗ್ಗಿಸುವ ಗಾಳಿ, ಊರ ಮುಂದಿನ ಹಲಗೆಗೆ ಅಂಟಿಸಿದ ಬಡವರ ಚೀಟಿಗಳು ಎಲ್ಲವೂ ಅಪೂರ್ವ. ಆದರೆ ಕುದುರೆ ಏರಿದ ಮೇಲೆ ನನ್ನ ಕಣ್ಣು ಪರದೆಯ ಮೂಲೆಯ ಪುಟ್ಟ ನಕ್ಷೆಯಾದ ಮಿನಿಮ್ಯಾಪಿನಲ್ಲಿ ದಾರಿ ತೋರುವ ಚುಕ್ಕೆಗೆರೆಯ ಮೇಲೆಯೇ ಇರುತ್ತಿತ್ತು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಆಫ್ ಮಾಡಿದರೆ ನಾವು ಕುರುಡಾಗುತ್ತೇವೆ ಅಷ್ಟೇ. ಚುಕ್ಕೆಗೆರೆ ಇದ್ದೇ ಇರುತ್ತದೆಂದು ನಂಬಿ ಬರೆದ ಮಾತುಗಳಲ್ಲಿ ಯಾರಾದರೂ ದಾರಿ ಹೇಳಿರುವುದು ಕಡಿಮೆ. ಮಾರ್ಕರ್ ತೆಗೆದರೆ ಸಾಲದು, ಅದರ ಜಾಗದಲ್ಲಿ ಬೇರೆ ಏನಾದರೂ ದಾರಿ ತೋರಬೇಕು.

ಆ ಬೇರೆ ಏನೋ ಒಂದನ್ನು ಅತ್ಯಂತ ಶ್ರದ್ಧೆಯಿಂದ ಯೋಚಿಸಿದವರು ನಿಂಟೆಂಡೊದ ‘ಬ್ರೆತ್ ಆಫ್ ದಿ ವೈಲ್ಡ್’ ತಂಡದವರು. 2017ರಲ್ಲಿ ಗೇಮ್ ಬಂದ ವರ್ಷವೇ ಜಪಾನಿನ ಗೇಮ್ ತಯಾರಕರ ಸೆಡೆಕ್ ಸಮ್ಮೇಳನದಲ್ಲಿ ಅವರು ತಮ್ಮ ನೆಲವನ್ನು ತ್ರಿಕೋನಗಳಿಂದ ಕಟ್ಟಿದ ಬಗೆಯನ್ನು ವಿವರಿಸಿದರು. ದೊಡ್ಡ ತ್ರಿಕೋನವೆಂದರೆ ದೂರದಿಂದಲೇ ಕಾಣುವ ಬೆಟ್ಟ, ಅದು ಕರೆಯುತ್ತದೆ. ಮಧ್ಯಮ ಗಾತ್ರದ್ದು ನೋಟಕ್ಕೆ ಅಡ್ಡ ನಿಂತು ತನ್ನ ಹಿಂದಿರುವುದನ್ನು ಮರೆಮಾಡುತ್ತದೆ. ಸಣ್ಣದು ನಡಿಗೆಯ ಲಯವನ್ನು ಬದಲಿಸುತ್ತದೆ. ಇಳಿಜಾರು ಎದುರಾದಾಗಲೆಲ್ಲ ಹತ್ತಬೇಕೋ ಸುತ್ತಬೇಕೋ ಎಂದು ಆಟಗಾರನೇ ತೀರ್ಮಾನಿಸುತ್ತಾನೆ, ಬದಿಗೆ ಬಂದಂತೆ ಹಿಂದೆ ಅಡಗಿದ್ದ ವಸ್ತು ನಿಧಾನವಾಗಿ ಬಯಲಾಗುತ್ತದೆ. ಇದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ತುಮಕೂರಿನಿಂದ ಮಧುಗಿರಿಗೆ ಹೋಗುವ ರಸ್ತೆ. ಕೊರಟಗೆರೆ ದಾಟಿದ ಮೇಲೆ ಬಂಡೆಗುಡ್ಡಗಳು ಒಂದನ್ನೊಂದು ಮರೆಮಾಡುತ್ತಾ ಸರಿಯುತ್ತವೆ. ಅವುಗಳ ನಡುವೆ ಮಧುಗಿರಿಯ ಏಕಶಿಲಾ ಬೆಟ್ಟ ಇಣುಕುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುವಾಗ ಇನ್ನಷ್ಟು ದೊಡ್ಡದಾಗಿರುತ್ತದೆ, ಕೊನೆಗೆ ಅದರ ಮೈಮೇಲಿನ ಕೋಟೆಗೋಡೆಯ ಗೆರೆಗಳೂ ಕಾಣುತ್ತವೆ. ಆ ಸೀಮೆಯ ಪಾಳೆಯಗಾರರು ಬೆಟ್ಟಗಳನ್ನೇ ಆರಿಸಿ ಕೋಟೆ ಕಟ್ಟಿದ್ದು ಕಾವಲಿಗಾಗಿ. ಗೇಮ್ ಕಟ್ಟುವವರಿಗೆ ಅದೇ ಬೆಟ್ಟ ಆಮಂತ್ರಣವಾಗುತ್ತದೆ.

ಆ ಗೇಮಿನ ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ತಮಗೆ ಚಿರಪರಿಚಿತವಾದ ಕ್ಯೋಟೊ ನಗರದ ನಕ್ಷೆಯನ್ನು ಗೇಮಿನ ಲೋಕದ ಮೇಲೆ ಹೊದಿಸಿ, ಯಾವ ಜಾಗ ಎಷ್ಟು ದೂರವಿರಬೇಕೆಂದು ಲೆಕ್ಕ ಹಾಕಿದರಂತೆ. ಇಲ್ಲಿಂದ ಅಲ್ಲಿಗೆ ನಡೆದರೆ ಎಷ್ಟು ಹೊತ್ತು ಎಂಬುದು ಕಾಲಿಗೆ ಗೊತ್ತಿರುವ ಊರನ್ನೇ ಅಳತೆಗೋಲು ಮಾಡಿಕೊಂಡದ್ದು ನನಗೆ ಬಹಳ ಹಿಡಿಸಿತು. ಗೋಪುರ ಹತ್ತಿದರೆ ಮ್ಯಾಪಿನ ಒಂದು ಭಾಗ ತೆರೆಯುತ್ತದೆ, ಆದರೆ ಅದು ಬರೀ ನೆಲದ ಏರಿಳಿತವನ್ನು ತೋರಿಸುತ್ತದೆ. ಎತ್ತರದಲ್ಲಿ ನಿಂತು ನೋಡಿ, ಹೋಗಬೇಕೆನಿಸಿದ ಜಾಗಕ್ಕೆ ಗುರುತು ಹಾಕಿಕೊಳ್ಳುವ ಕೆಲಸ ನಮ್ಮದು. ಮಳೆ ಬಂದರೆ ಬಂಡೆ ಜಾರುತ್ತದೆ, ಅರ್ಧ ಹತ್ತಿದವನು ಮತ್ತೆ ಕೆಳಗೆ. ಸಿಡಿಲಿನ ಹೊತ್ತಿನಲ್ಲಿ ಲೋಹದ ಕತ್ತಿ ಬೆನ್ನಿಗಿದ್ದರೆ ಅದಕ್ಕೇ ಸಿಡಿಲು ಬಡಿಯುತ್ತದೆ. ಮಳೆಯ ಬಗ್ಗೆ ಗೊಣಗದ ಆಟಗಾರನನ್ನು ನಾನು ಕಂಡಿಲ್ಲ, ನಾನೂ ಗೊಣಗಿದ್ದೇನೆ. ಆದರೂ ಅದನ್ನು ತೆಗೆದುಹಾಕಿದ್ದರೆ ಆ ಬೆಟ್ಟಗಳು ಬರೀ ಏಣಿಗಳಾಗಿಬಿಡುತ್ತಿದ್ದವು.

‘ಡಾರ್ಕ್ ಸೋಲ್ಸ್’ನಲ್ಲಿ ಮ್ಯಾಪೇ ಇಲ್ಲ. 2011ರ ಈ ಗೇಮಿನ ಲಾರ್ಡ್ರನ್ ಎಂಬ ನಾಡು ಅಗಲಕ್ಕಿಂತ ಎತ್ತರಕ್ಕೆ ಬೆಳೆದದ್ದು, ಒಂದರ ಮೇಲೊಂದು ಪೇರಿಸಿದ ಕೋಟೆ, ಚರಂಡಿ, ಜೌಗು. ಫೈರ್‌ಲಿಂಕ್ ಎಂಬ ಬೆಂಕಿಗುಡಿಯಿಂದ ಹೊರಟು, ಸತ್ತರೂ ಸಾಯದವರ ಬೀದಿಗಳಲ್ಲಿ ಹೋರಾಡಿ, ಚರ್ಚೊಂದನ್ನು ಮುಟ್ಟಿ, ಮನೆ ಬಿಟ್ಟು ಬಹುದೂರ ಬಂದೆವೆಂದುಕೊಂಡು ಲಿಫ್ಟ್ ಒಂದರ ಮೇಲೆ ಕಾಲಿಟ್ಟರೆ ಅದು ಇಳಿದಿಳಿದು ಮತ್ತೆ ಅದೇ ಬೆಂಕಿಗುಡಿಯ ಬದಿಗೆ ತಂದು ನಿಲ್ಲಿಸುತ್ತದೆ. ಆ ಲಿಫ್ಟಿನಲ್ಲಿ ಇಳಿಯುವಾಗ ನನ್ನ ತಲೆಯೊಳಗೆ ಚೂರುಚೂರಾಗಿದ್ದ ಜಾಗಗಳು ಒಂದಕ್ಕೊಂದು ಕೂಡಿಕೊಂಡ ಅನುಭವವನ್ನು ಬೇರೆ ಯಾವ ಗೇಮೂ ಕೊಟ್ಟಿಲ್ಲ. ಅರ್ಧ ಗೇಮ್ ಮುಗಿಯುವ ತನಕ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿಹೋಗುವ ಸೌಲಭ್ಯವಿಲ್ಲ. ಆ ಸೌಲಭ್ಯ ಸಿಕ್ಕ ಮೇಲಿನ ಅರ್ಧ ಭಾಗ ನನ್ನ ಮಟ್ಟಿಗೆ ಸಪ್ಪೆ. ಅದರ ನಿರ್ದೇಶಕ ಹಿದೆತಾಕಾ ಮಿಯಾಜಾಕಿ ಬಾಲ್ಯದಲ್ಲಿ ತಮಗೆ ಪೂರ್ತಿ ಅರ್ಥವಾಗದ ಕಲ್ಪನಾಕಥೆಗಳ ಪುಸ್ತಕಗಳನ್ನು ಓದುತ್ತಾ, ತಿಳಿಯದ ಭಾಗಗಳನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದುದಾಗಿ ಹೇಳಿಕೊಂಡಿದ್ದಾರೆ. ಇಂಗ್ಲಿಷ್ ಸಂಭಾಷಣೆ ಅರ್ಥವಾಗದೆ ವೈಸ್ ಸಿಟಿಗೆ ತಮ್ಮದೇ ಕಥೆ ಕಟ್ಟಿಕೊಂಡ ಹುಡುಗರು ಈ ಮಾತನ್ನು ವಿವರಣೆಯಿಲ್ಲದೆ ಒಪ್ಪುತ್ತಾರೆ.

ಆಸ್ಟ್ರೇಲಿಯಾದ ಅಡಿಲೇಡ್‌ನ ಸಣ್ಣ ತಂಡವೊಂದು 2017ರಲ್ಲಿ ತಂದ ‘ಹಾಲೊ ನೈಟ್’ನಲ್ಲಿ ಮ್ಯಾಪ್ ಇದೆ, ಆದರೆ ಅದನ್ನು ಬರೆಯುವವನೊಬ್ಬನಿದ್ದಾನೆ. ಹೊಸ ಪ್ರದೇಶದಲ್ಲಿ ಎಲ್ಲೋ ಗುನುಗು ಕೇಳಿಸಿ, ನೆಲದ ಮೇಲೆ ಕಾಗದದ ಚೂರುಗಳು ಕಂಡರೆ ಕಾರ್ನಿಫರ್ ಹತ್ತಿರದಲ್ಲಿದ್ದಾನೆಂದು ಅರ್ಥ. ಅವನಿಂದ ಕೊಂಡ ಮ್ಯಾಪು ಅಪೂರ್ಣ. ಉಳಿದದ್ದನ್ನು ತುಂಬಲು ಅವನ ಹೆಂಡತಿಯ ಅಂಗಡಿಯಲ್ಲಿ ಗರಿಲೇಖನಿ ಕೊಳ್ಳಬೇಕು, ಬೆಂಚಿನ ಮೇಲೆ ಕೂತಾಗ ಮಾತ್ರ ಬರೆಯಬೇಕು. ನಾನು ಎಲ್ಲಿದ್ದೇನೆಂದು ತೋರಿಸುವ ದಿಕ್ಸೂಚಿ ಬೇಕಾದರೆ ಇನ್ನೊಂದು ಶಕ್ತಿಯನ್ನು ಬಿಟ್ಟುಕೊಡಬೇಕು. 2019ರ ‘ಔಟರ್ ವೈಲ್ಡ್ಸ್’ ಇದಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿ ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಮೊದಲಿಗೆ ಮರಳುತ್ತದೆ, ಉಳಿಯುವುದು ತಿಳಿದುಕೊಂಡದ್ದು ಮಾತ್ರ. ಜೋಡಿ ಗ್ರಹಗಳಲ್ಲಿ ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಾ ಹೋಗುವುದರಿಂದ, ಈಗ ತೆರೆದಿರುವ ಗುಹೆ ಸ್ವಲ್ಪ ಹೊತ್ತಿಗೆ ಹೂತುಹೋಗುತ್ತದೆ, ಅತ್ತ ಹೂತಿದ್ದ ಗೋಪುರ ಮೇಲೇಳುತ್ತದೆ. ದಾರಿ ಎಲ್ಲಿದೆ ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿದೆ ಎಂಬುದೂ ಗೊತ್ತಿರಬೇಕು.

ಇನ್ನು ಮಂಜಿನ ವಿಷಯ. ಹಳೆಯ ಯಂತ್ರಗಳಿಗೆ ದೂರದ್ದನ್ನೆಲ್ಲ ಚಿತ್ರಿಸುವ ಶಕ್ತಿಯಿರಲಿಲ್ಲ, ಆದ್ದರಿಂದ ಗೇಮ್‌ಗಳವರು ಮಬ್ಬು ಕವಿಸಿ ಅದನ್ನು ಮುಚ್ಚುತ್ತಿದ್ದರು. 2004ರ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ಮೂರು ನಗರಗಳು, ಮರುಭೂಮಿ, ಕಾಡು ಎಲ್ಲ ಇದ್ದು ಒಂದು ರಾಜ್ಯವನ್ನೇ ಸುತ್ತಿದಂತೆ ಅನಿಸುತ್ತಿದ್ದುದರಲ್ಲಿ ಆ ಮಬ್ಬಿನ ಪಾಲು ದೊಡ್ಡದು. 2021ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಾಗ ಮಬ್ಬು ಹೋಗಿತ್ತು. ಮೌಂಟ್ ಚಿಲಿಯಾಡ್ ಮೇಲೆ ನಿಂತರೆ ಇಡೀ ರಾಜ್ಯ ಒಂದೇ ನೋಟಕ್ಕೆ ಸಿಕ್ಕಿ, ಇಷ್ಟೇನೇ ಎನಿಸಿಬಿಡುತ್ತಿತ್ತು. ಆಟಗಾರರು ಗಲಾಟೆ ಮಾಡಿದರು, ಬಹಳ ದಿನಗಳ ಮೇಲೆ ಹಳೆಯ ಬಗೆಯ ಬೆಳಕು ಮತ್ತು ಮಬ್ಬು ಮರಳಿ ಬಂದವು. ಮಾರೋವಿಂಡ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅಭಿಮಾನಿಗಳು ಹೊಸದಾಗಿ ಬರೆದ ‘ಓಪನ್ ಎಂಡಬ್ಲ್ಯೂ’ ಎಂಬ ಎಂಜಿನ್‌ನಲ್ಲಿ, ಅಂದರೆ ಗೇಮ್ ಓಡಿಸುವ ತಂತ್ರಾಂಶದಲ್ಲಿ, ಅದನ್ನು ಇಂದಿನ ಕಂಪ್ಯೂಟರುಗಳಲ್ಲಿ ಚೆನ್ನಾಗಿ ಆಡಬಹುದು. ದೂರದ ನೆಲವನ್ನೂ ತೋರಿಸುವ ಆಯ್ಕೆ ಅದರಲ್ಲಿದೆ, ನೋಡಲು ಸೊಗಸಾಗಿಯೂ ಇದೆ. ಆದರೆ ಅದನ್ನು ಪೂರ್ತಿ ಏರಿಸಿದರೆ ಅರ್ಧ ದಿನದ ಪಯಣವೆಂದುಕೊಂಡಿದ್ದ ಪಟ್ಟಣ ಪಕ್ಕದ ಗುಡ್ಡದ ಹಿಂದೆಯೇ ಇರುವುದು ಕಂಡುಬಿಡುತ್ತದೆ.

ಹಾಗಾಗಿ ಮೊದಲ ಬಾರಿ ಮಾರೋವಿಂಡ್ ಆಡುವವರಿಗೆ ನಾನು ಹೇಳುವುದು ಇಷ್ಟು: ನೋಟದ ದೂರವನ್ನು ಹಳೆಯ ಮಟ್ಟದಲ್ಲೇ ಬಿಡಿ. ಗೇಮಿನೊಳಗಿನ ಜರ್ನಲ್ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಗುಡ್ಡೆ ಹಾಕುತ್ತದೆ, ಮುಂದೆ ಬಂದ ವಿಸ್ತರಣೆಯಲ್ಲಿ ಅದನ್ನು ಕ್ವೆಸ್ಟ್‌ಗಳ ಪ್ರಕಾರ ವಿಂಗಡಿಸಿಕೊಳ್ಳುವ ಅನುಕೂಲ ಕೊಟ್ಟಿದ್ದಾರೆ, ಅದನ್ನು ಬಳಸಬಹುದು. ಮೂಲ ಪೆಟ್ಟಿಗೆಯಲ್ಲಿ ದ್ವೀಪದ ಕಾಗದದ ನಕ್ಷೆಯೊಂದು ಬರುತ್ತಿತ್ತು, ಅದರ ಚಿತ್ರ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪಕ್ಕದಲ್ಲೊಂದು ಪೆನ್ಸಿಲ್ ಇಟ್ಟುಕೊಂಡು ಕೂತುಕೊಳ್ಳಿ.