529ರ ಹಣ ತೆಗೆಯುವ ಮುಂಚೆ 4,000 ಡಾಲರ್ ಪಕ್ಕಕ್ಕಿಡಿ

ಅಮೆರಿಕದಲ್ಲಿ ಟ್ಯಾಕ್ಸ್ ರಿಟರ್ನ್ ಮಾಡಿಕೊಡೋದು ನನ್ನ ಕೆಲಸ. ಗ್ರಾಹಕರಲ್ಲಿ ಕನ್ನಡದವರ ಮನೆಗಳೂ ಸಾಕಷ್ಟಿವೆ. 529 ಅಂದರೆ ಮಕ್ಕಳ ಓದಿಗೆಂದು ಹಣ ಕೂಡಿಡುವ ಖಾತೆ; ಓದಿನ ಖರ್ಚಿಗೆ ತೆಗೆದರೆ ಅದರ ಲಾಭಕ್ಕೆ ಟ್ಯಾಕ್ಸ್ ಇಲ್ಲ. ಮಗಳೋ ಮಗನೋ ಕಾಲೇಜು ಸೇರಿದ ವರ್ಷ ಬರುವ ಫೋನ್ ಹೆಚ್ಚುಕಡಿಮೆ ಒಂದೇ: "ಸರ್, ಫೀಸೆಲ್ಲ 529ರಿಂದಲೇ ಕಟ್ಟಿದ್ದೀವಿ, ಟ್ಯಾಕ್ಸ್ ಇಲ್ವಲ್ಲ? ಜೊತೆಗೆ 2,500 ಡಾಲರ್ ಕ್ರೆಡಿಟ್ಟೂ ಸಿಗುತ್ತಂತೆ?"

ಎರಡೂ ಸಿಗುತ್ತೆ, ಆದರೆ ಒಂದೇ ಖರ್ಚಿಗೆ ಎರಡೂ ಸಿಗಲ್ಲ. ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ (ಕಾಲೇಜು ಖರ್ಚಿಗೆ ಟ್ಯಾಕ್ಸ್‌ನಲ್ಲೇ 2,500 ಡಾಲರ್‌ವರೆಗೆ ಕಳೆಯುವ ರಿಯಾಯಿತಿ) ಪೂರ್ತಿ ಬೇಕಾದರೆ 4,000 ಡಾಲರ್ ಟ್ಯೂಷನ್ ಮತ್ತು ಪುಸ್ತಕದ ಖರ್ಚು ತೋರಿಸಬೇಕು. ಅಷ್ಟನ್ನು 529ರ ಲೆಕ್ಕದಿಂದ ಕಳೆಯಬೇಕು.

ಅಂಕಿ ದುಂಡಗೆ ಮಾಡಿ ಹೇಳ್ತೀನಿ. ಟ್ಯೂಷನ್ 14,000, ಹಾಸ್ಟೆಲ್ ಮತ್ತು ಊಟ 12,000, ಸ್ಕಾಲರ್‌ಶಿಪ್ 3,000. ಉಳಿದ 23,000 ಪೂರ್ತಿ 529ರಿಂದ ಬಂತು. 529ರಿಂದ ತೆಗೆದ ಹಣದ ಲೆಕ್ಕ ತೋರಿಸುವ 1099-ಕ್ಯೂ ಫಾರ್ಮಿನ ಬಾಕ್ಸ್ 2ರಲ್ಲಿ ಲಾಭ 9,200 ಅಂತಿದೆ. ಕ್ರೆಡಿಟ್‌ಗೆ 4,000 ಎತ್ತಿಟ್ಟರೆ 529ಕ್ಕೆ ಉಳಿಯೋ ಖರ್ಚು 19,000. ಹೆಚ್ಚಾಗಿ ತೆಗೆದ 4,000ದ ಪಾಲಿಗೆ ಬರುವ ಲಾಭ 1,600. ಟ್ಯಾಕ್ಸ್ ಅದಕ್ಕೆ ಮಾತ್ರ. ಅಪ್ಪನ ಹೆಸರಿನಲ್ಲಿ 22% ಆದರೂ 352 ಡಾಲರ್. ಕ್ರೆಡಿಟ್‌ನಿಂದಾಗಿ ಹೀಗಾದರೆ, ಹೆಚ್ಚಾಗಿ ತೆಗೆದ ಹಣದ ಲಾಭಕ್ಕೆ ಸಾಮಾನ್ಯವಾಗಿ ಬೀಳುವ 10% ದಂಡವೂ ಇಲ್ಲ, ಫಾರ್ಮ್ 5329ರಲ್ಲಿ ವಿನಾಯಿತಿ ತೋರಿಸಬೇಕು ಅಷ್ಟೇ. "529 ಮುಟ್ಟಿದ್ದಾಯ್ತು, ಇನ್ನು ಕ್ರೆಡಿಟ್ ಇಲ್ಲ" ಅಂತ 2,500 ಕೈಬಿಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ.

ಹಣ ಮಕ್ಕಳ ಹೆಸರಿಗೆ ಅಥವಾ ನೇರ ಕಾಲೇಜಿಗೆ ಹೋದರೆ 1099-ಕ್ಯೂ ಮಕ್ಕಳ ಹೆಸರಿಗೇ ಬರುತ್ತೆ, ಆ 1,600 ಅವರ ಆದಾಯ. ಕೂಡಿದ ಬಡ್ಡಿ-ಲಾಭ 2025ಕ್ಕೆ 2,700 ಡಾಲರ್ ದಾಟದಿದ್ದರೆ ಅಪ್ಪ-ಅಮ್ಮನ ದರ ಬೀಳೋದಿಲ್ಲ, ಟ್ಯಾಕ್ಸ್ ಇನ್ನೂ ಕಡಿಮೆ. ಕ್ರೆಡಿಟ್ ಮಾತ್ರ ಅವರನ್ನು ಡಿಪೆಂಡೆಂಟ್ ಅಂತ ತೋರಿಸಿದ ಅಪ್ಪ-ಅಮ್ಮನ ರಿಟರ್ನಿನಲ್ಲೇ.

ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದು ಆದಾಯ 1,80,000 ಮುಟ್ಟಿದ್ದರೆ ಕ್ರೆಡಿಟ್ ಮರೆತುಬಿಡಿ. 1,60,000 ದಾಟುತ್ತಲೇ ಅದು ಕರಗತೊಡಗುತ್ತೆ. ಆಗ 529ರಿಂದ ಪೂರ್ತಿ ತೆಗೆಯೋದೇ ಜಾಣತನ.

ನಾನು ಮೊದಲು ಕೇಳೋದು ಟ್ಯೂಷನ್ ಲೆಕ್ಕಕ್ಕೆ ಕಾಲೇಜು ಕೊಡುವ 1098-ಟಿ ಫಾರ್ಮ್ ಅಲ್ಲ, ಕಾಲೇಜು ಪೋರ್ಟಲ್‌ನ ಅಕೌಂಟ್ ಸ್ಟೇಟ್‌ಮೆಂಟ್. 1098-ಟಿಯಲ್ಲಿ ಹಾಸ್ಟೆಲ್ ಬಿಲ್ ಇರೋದಿಲ್ಲ, ಹೊರಗೆ ಕೊಂಡ ಪುಸ್ತಕ, ಲ್ಯಾಪ್‌ಟಾಪ್ ಇರೋದಿಲ್ಲ. ಹಣ ಕಟ್ಟಿದ ದಿನಾಂಕಗಳೂ ಅದರಲ್ಲಿಲ್ಲ. ಸ್ಟೇಟ್‌ಮೆಂಟಿನಲ್ಲಿ ಸಾಲುಸಾಲಾಗಿ ಸಿಗುತ್ತೆ: ಆಗಸ್ಟ್ ಟ್ಯೂಷನ್, ಮೀಲ್ ಪ್ಲಾನ್, ಹೆಲ್ತ್ ಇನ್ಶೂರೆನ್ಸ್ (ಇದಕ್ಕೆ 529 ನಡೆಯಲ್ಲ), ನವೆಂಬರ್‌ನಲ್ಲೇ ಬಂದು ಕೂತ ಮುಂದಿನ ವರ್ಷದ ಸ್ಪ್ರಿಂಗ್ ಸೆಮಿಸ್ಟರ್ ಬಿಲ್. ಆ ಸ್ಪ್ರಿಂಗ್ ಫೀಸನ್ನು ಡಿಸೆಂಬರ್‌ನಲ್ಲಿ ಕಟ್ಟಿದ್ದರೆ 529ರ ಹಣವನ್ನೂ ಡಿಸೆಂಬರ್ 31ರೊಳಗೆ ತೆಗೆಯಿರಿ. ಜನವರಿಯಲ್ಲಿ ತೆಗೆದರೆ ಖರ್ಚು ಒಂದು ವರ್ಷಕ್ಕೆ, ಹಣ ಇನ್ನೊಂದು ವರ್ಷಕ್ಕೆ.